ಸೆಕೆಯ ಊರಿನಲ್ಲಿ ಸ್ವೆಟರು

ನಮ್ಮ ಮನೆಗೆ ಬೇಸಗೆಯಲ್ಲಿ ಮೊದಲ ಸಲ ಬರುವವರು ಅಂಗಳಕ್ಕೆ ಕಾಲಿಟ್ಟಲ್ಲೇ ಒಮ್ಮೆ ನಿಂತುಬಿಡುತ್ತಾರೆ. ಗೇರುಮರದಿಂದ ಬಚ್ಚಲುಮನೆಯ ಕಂಬಕ್ಕೆ ಎಳೆದ ತಂತಿಯ ಮೇಲೆ ಸಾಲಾಗಿ ಸ್ವೆಟರುಗಳು ನೇತಾಡುತ್ತಿರುತ್ತವೆ. ಕಂದು, ಬೂದು, ಕಡುನೀಲಿ, ಸಾಸಿವೆ ಬಣ್ಣ. ಗಲ್ಲದ ತನಕ ಮುಚ್ಚುವಂಥದ್ದು, ಝಿಪ್ಪು ಇರುವಂಥದ್ದು, ಒಂದಕ್ಕಂತೂ ಹಿಂದೆ ಟೊಪ್ಪಿಯೂ ಉಂಟು. ಕೆಳಗೆ ಮುರಕಲ್ಲಿನ ನೆಲ ಚಪ್ಪಲಿಯಿಲ್ಲದೆ ತುಳಿಯಲಾಗದಷ್ಟು ಕಾದಿರುತ್ತದೆ. ಬಂದವರು ಬೆವರು ಒರೆಸಿಕೊಳ್ಳುತ್ತ ಆ ಉಣ್ಣೆಯ ಸಾಲನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಾರೆ. "ಎಂತ ಟೀಚರೇ, ಕಾಶ್ಮೀರಕ್ಕೆ ಹೋಗ್ಲಿಕ್ಕೆ ಉಂಟಾ?" ಅಂತ ಕೇಳಿಯೇ ಕೇಳುತ್ತಾರೆ.

ಇಲ್ಲ ಮಾರಾಯ್ರೆ, ಎಲ್ಲಿಗೂ ಹೋಗಲಿಕ್ಕಿಲ್ಲ. ಪೆರ್ಲದ ಸುತ್ತಿನ ಶಾಲೆಗಳಲ್ಲಿ ಜೀವಮಾನವಿಡೀ ಕನ್ನಡ ಕಲಿಸಿ, ಈಗ ಪೆನ್ಶನ್ ತೆಗೆದುಕೊಂಡು ಅಮ್ಮನ ಜೊತೆ ಅಮ್ಮನ ಮನೆಯಲ್ಲೇ ಇರುವವಳು ನಾನು. ನಾನು ಕಂಡ ಅತ್ಯಂತ ತಂಪಿನ ಜಾಗವೆಂದರೆ ಪುತ್ತೂರಿನ ಒಂದು ಬಟ್ಟೆ ಅಂಗಡಿ, ಅದೂ ಅವರು ಎ.ಸಿ. ಹಾಕಿದ ದಿನ. ಸ್ವೆಟರುಗಳು ನನ್ನ ಅಣ್ಣನವು. ವರ್ಷಕ್ಕೊಮ್ಮೆ ಬಿಸಿಲು ತೋರಿಸದಿದ್ದರೆ ಹುಳ ಹಿಡಿಯುತ್ತದೆ, ಹಾಗಾಗಿ ಹಾಕುತ್ತೇನೆ. ಆದರೆ ಒಂದೊಂದನ್ನೇ ಕೊಡವಿ ತಂತಿಗೆ ಏರಿಸುವಾಗ ನನ್ನ ತಲೆ ಮಾತ್ರ ನೆಟ್ಟಗಿರುವುದಿಲ್ಲ. ಎಲ್ಲೆಲ್ಲಿಗೋ ಹೋಗುತ್ತದೆ. ನೀವೂ ಸ್ವಲ್ಪ ಕೂತುಕೊಳ್ಳಿ, ನೆರಳಿನಲ್ಲಿ.

ನಮ್ಮಲ್ಲಿ ಕಾಲ ಎರಡೇ. ಒಂದು ಬಟ್ಟೆ ಒಣಗುವ ಕಾಲ, ಇನ್ನೊಂದು ಬಟ್ಟೆ ಒಣಗದ ಕಾಲ. ಒಣಗದ ಕಾಲದಲ್ಲಿ ಅಮ್ಮ ಬಚ್ಚಲುಮನೆಯ ಒಲೆಯ ಮೇಲೆ ಹಗ್ಗ ಕಟ್ಟಿ ನಮ್ಮ ಯೂನಿಫಾರ್ಮನ್ನು ಹೊಗೆಗೆ ಹಾಕುತ್ತಿದ್ದಳು. ಅದು ಒಣಗುತ್ತಿತ್ತು ಅಂತ ಹೇಳಲಾರೆ, ಬಿಸಿಯಂತೂ ಆಗುತ್ತಿತ್ತು. ಜಡಿಮಳೆಯ ಆಟಿ ತಿಂಗಳಲ್ಲಿ ಇಡೀ ಕ್ಲಾಸು ಹೊಗೆ ವಾಸನೆ ಹೊಡೆಯುತ್ತಿತ್ತು. ಒಮ್ಮೆ ಶಾಲೆಯ ತಪಾಸಣೆಗೆ ಬಂದ ಎ.ಇ.ಒ. ಸಾಹೇಬರು ಪಾಠದ ಮಧ್ಯೆ ಎದ್ದು ಕಿಟಕಿಯಿಂದ ಹೊರಗೆ ಇಣುಕಿ, ಎಲ್ಲಾದರೂ ಬೆಂಕಿ ಬಿದ್ದಿದೆಯಾ ಎಂದು ವಿಚಾರಿಸಿದರು. ಮೇಷ್ಟ್ರು ಬಹಳ ಗಂಭೀರವಾಗಿ, "ಇಲ್ಲ ಸಾರ್, ಮಕ್ಕಳು" ಅಂದರು.

ಇನ್ನು ಒಣಗುವ ಕಾಲಕ್ಕೆ ನಮ್ಮವರ ಉಡುಪೆಂದರೆ ಬೈರಾಸು. ಗೊತ್ತುಂಟಲ್ಲ, ಅತ್ತ ಟವೆಲ್ಲೂ ಅಲ್ಲದ ಇತ್ತ ಶಾಲೂ ಅಲ್ಲದ ತೆಳು ಹತ್ತಿಬಟ್ಟೆ. ಅಪ್ಪನ ಹೆಗಲಿಂದ ಅದು ಇಳಿದದ್ದನ್ನು ನಾನು ನೋಡಿದ್ದು ಕಡಿಮೆ. ಬಿಸಿಲಿಗೆ ತಲೆಗೆ, ಕೆಲಸಕ್ಕೆ ಸೊಂಟಕ್ಕೆ, ಊಟವಾದ ಮೇಲೆ ಕೈ ಒರೆಸಲಿಕ್ಕೆ, ಪೇಟೆಯಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆಸೆದು ಸೀಟು ಹಿಡಿಯಲಿಕ್ಕೆ. ಧನು ತಿಂಗಳ ಬೆಳಗ್ಗೆ ನಾಲ್ಕು ದಿನ ಗಾಳಿ ತಂಪಾದರೆ ಅದನ್ನೇ ಕಿವಿ ಮುಚ್ಚುವ ಹಾಗೆ ಸುತ್ತಿಕೊಳ್ಳುತ್ತಿದ್ದರು. ನಮ್ಮ ಊರಿನ ಚಳಿಗಾಲದ ಉಡುಪು ಅಲ್ಲಿಗೆ ಮುಗಿಯಿತು.

ಹೀಗಿರುವುದರಿಂದ ನಮ್ಮ ಮನೆಯಲ್ಲಿ 'ಚಳಿ' ಎಂಬ ಶಬ್ದ ಹವೆಗೆ ಸಂಬಂಧಪಟ್ಟದ್ದೇ ಅಲ್ಲ. ಯಾರಾದರೂ ಚಳಿಯಾಗ್ತದೆ ಅಂದರೆ ಅಮ್ಮನ ಅಂಗೈ ನೇರ ಅವರ ಹಣೆಗೆ ಹೋಗುತ್ತದೆ. ಚಳಿ ಅಂದರೆ ಜ್ವರದ ಮೊದಲ ಹಂತ, ಅಷ್ಟೇ ಅರ್ಥ.

ಅಣ್ಣ ಗಲ್ಫಿಗೆ ಹೋದ ಮೊದಲ ವರ್ಷದ ಕೊನೆ. ಕೆಲಸ ಪಟ್ಟಣದಿಂದ ತುಂಬ ಒಳಗೆ, ಮರಳಿನ ನಡುವೆ ಪೈಪು ಹಾಕುವ ಕ್ಯಾಂಪಿನಲ್ಲಿ. ನಮ್ಮಲ್ಲಿ ಆಗ ಫೋನಿರಲಿಲ್ಲ. ಕೆಳಗಿನ ಮನೆಯ ಐಸಬಿಯ ಗಂಡನೂ ಆ ಕಡೆಯೇ ಇದ್ದದ್ದರಿಂದ ಅವಳ ಮನೆಗೆ ಫೋನು ಬಂದಿತ್ತು. ಶುಕ್ರವಾರ ಅಣ್ಣನಿಗೆ ರಜೆ, ಮಧ್ಯಾಹ್ನ ಅಲ್ಲಿಗೆ ಕರೆ ಮಾಡುತ್ತಿದ್ದ. ನಾವು ಊಟ ಮುಗಿಸಿ ಹೋಗಿ ಅವಳ ಜಗಲಿಯಲ್ಲಿ ಕೂತಿರುತ್ತಿದ್ದೆವು. ಆ ಶುಕ್ರವಾರ ಅಣ್ಣ ಹೇಳಿದ, "ಅಮ್ಮ, ಇಲ್ಲಿ ಭಯಂಕರ ಚಳಿ."

"ಅಯ್ಯೋ ಮಗಾ, ಎಷ್ಟು ದಿನ ಆಯ್ತು? ಮದ್ದು ತೆಕ್ಕೊಂಡಿಯಾ?"

"ಜ್ವರ ಅಲ್ಲ ಅಮ್ಮ, ಚಳಿ! ನನಗೆ ಮಾತ್ರ ಅಲ್ಲ, ಎಲ್ಲರಿಗೂ. ಇಡೀ ಊರಿಗೇ!"

"ಇಡೀ ಊರಿಗೇ ಬಂದಿದೆಯಾ!" ಅಮ್ಮ ರಿಸೀವರು ನನ್ನ ಕೈಗೆ ಕೊಟ್ಟು ಅಲ್ಲೇ ಕುಸಿದು ಕೂತಳು.

ನಾನಾದರೂ ತಿಳಿಸಿ ಹೇಳಬಹುದಿತ್ತು ಅನ್ನಿ. ನಾನು ಟೀಚರು. ಆದರೆ ಮರುಭೂಮಿ ಎಂದರೆ ಸುಡುವ ಮರಳು, ಒಂಟೆ, ಬಾಯಾರಿಕೆ ಎಂದು ಮಕ್ಕಳಿಂದ ಪ್ರಬಂಧ ಬರೆಸಿ ಬರೆಸಿ ನನ್ನ ತಲೆಯೂ ಕಾದಿತ್ತು. ಅಲ್ಲಿ ಉಣ್ಣೆ ಬಟ್ಟೆ ಬೇಕಾಗುವಷ್ಟು ಚಳಿ ಇರಬಹುದೆಂದು ನನಗೂ ಹೊಳೆಯಲಿಲ್ಲ. ಅಮ್ಮ ದೇವರಿಗೆ ಮುಡಿಪು ಕಟ್ಟಿಟ್ಟಳು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಕಷಾಯದ ಹುಡಿ ಮಾಡಿ, ಕ್ಯಾಂಪಿಗೆಲ್ಲ ಸಾಕಾಗುವಷ್ಟು, ರಜೆಗೆ ಬಂದಿದ್ದ ಐಸಬಿಯ ಗಂಡನ ಕೈಯಲ್ಲಿ ಕಳಿಸಿದಳು. ಅಣ್ಣ ಅದನ್ನು ಅಲ್ಲಿನವರಿಗೆಲ್ಲ ಕುಡಿಸಿದನಂತೆ. ಜ್ವರ ಯಾರಿಗೂ ಇರಲಿಲ್ಲ. "ಮನೆಯ ಪರಿಮಳ ಬರ್ತಿತ್ತು, ಕುಡಿದೆವು" ಅಂತ ಆಮೇಲೆ ಹೇಳಿದ.

ಫೋನಿನಲ್ಲಿ ಅಣ್ಣನ ಮಾತು ಕೇಳಬೇಕಿತ್ತು ನೀವು. ಫೋನು ಕಾರ್ಡಿನ ದುಡ್ಡು ಮುಗಿಯುವ ತನಕ ನಿಲ್ಲಿಸುತ್ತಿರಲಿಲ್ಲ. ಅಲ್ಲಿ ಸೆಕೆಗೆ ಯಾರೂ ಬಟ್ಟೆ ಬಿಚ್ಚುವುದಿಲ್ಲವಂತೆ, ಇನ್ನಷ್ಟು ಹಾಕಿಕೊಳ್ಳುತ್ತಾರಂತೆ. ಕೈ ಮುಚ್ಚುವ ಅಂಗಿ, ಮುಖಕ್ಕೆ ಸುತ್ತಿದ ಬಟ್ಟೆ, ಕಣ್ಣು ಮಾತ್ರ ಹೊರಗೆ. ಅಣ್ಣ ನಮ್ಮ ಬೈರಾಸನ್ನೇ ಒದ್ದೆ ಮಾಡಿ ಹೆಲ್ಮೆಟ್ಟಿನ ಒಳಗೆ ಇಟ್ಟುಕೊಳ್ಳುತ್ತಿದ್ದ. ಅದನ್ನು ನೋಡಿ ಅವನ ರೂಮಿನವರೂ ಕೇಳಿದರು, ಪಕ್ಕದ ರೂಮಿನವರೂ ಕೇಳಿದರು. ಅಮ್ಮ ಪೆರ್ಲದ ಅಂಗಡಿಯಿಂದ ಕಟ್ಟುಗಟ್ಟಲೆ ಬೈರಾಸು ತರಿಸಿ ಕಳಿಸುತ್ತಿದ್ದಳು. "ನನ್ನ ಬೈರಾಸು ಸುತ್ತಿಕೊಂಡವರು ಎಷ್ಟು ದೇಶದವರಿದ್ದಾರೆ ಗೊತ್ತುಂಟಾ ನಿಂಗೆ?" ಅಂತ ನನ್ನ ಹತ್ತಿರ ಗತ್ತಿನಲ್ಲಿ ಹೇಳುತ್ತಿದ್ದಳು.

ಅಷ್ಟೆಲ್ಲ ಗತ್ತಿದ್ದರೂ ಅಮ್ಮನಿಗೆ ಇದ್ದದ್ದು ಒಂದೇ ಆಸೆ. ಮಗ ಲುಂಗಿ ಉಟ್ಟುಕೊಂಡು ನಮ್ಮ ಜಗಲಿಯಲ್ಲಿ ಕೂತು, ಕಾರ್ಡು ಮುಗಿಯುವ ಹೆದರಿಕೆ ಇಲ್ಲದೆ, ಅವಳ ಎದುರು ಹೀಗೇ ಮಾತಾಡಬೇಕು. ಅಣ್ಣ ಬರುತ್ತಿದ್ದದ್ದು ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ತಿಂಗಳಿಗೆ. ನೆಂಟರ ಮನೆ, ದೈವದ ಕೋಲ, ಹೆಣ್ಣು ನೋಡುವುದು, ಇಷ್ಟರಲ್ಲೇ ರಜೆ ಮುಗಿಯುತ್ತಿತ್ತು. ಜಾತಕ ಬರುವಾಗ ಹೊರಡುವ ದಿನವೂ ಬರುತ್ತಿತ್ತು. ಹಾಗೆಯೇ ಮದುವೆಯ ಪ್ರಾಯವೂ ದಾಟಿತು. ಅವನು ಅದನ್ನು ತಮಾಷೆಯಾಗಿ ಹೇಳುತ್ತಿದ್ದ, ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು.

ಸ್ವೆಟರಿನ ಕತೆಗೆ ಬರುತ್ತೇನೆ. ವಿಮಾನದಲ್ಲಿ ಪೆಟ್ಟಿಗೆಯನ್ನು ತೂಗುತ್ತಾರೆ, ಮನುಷ್ಯನನ್ನು ತೂಗುವುದಿಲ್ಲ. ಈ ಸತ್ಯ ಗಲ್ಫಿಗೆ ಹೋದ ನಮ್ಮವರಿಗೆಲ್ಲ ಗೊತ್ತು. ಹಾಗಾಗಿ ಪೆಟ್ಟಿಗೆಯಲ್ಲಿ ಊರಿನವರಿಗೆ ಕೊಡುವ ಸಾಮಾನು, ಮೈಮೇಲೆ ತನ್ನ ಬಟ್ಟೆ. ಅಣ್ಣ ಮೊದಲ ಸಲ ರಜೆಗೆ ಬಂದದ್ದು ಮೇ ತಿಂಗಳಲ್ಲಿ. ಮಂಗಳೂರಿನ ವಿಮಾನ ನಿಲ್ದಾಣದ ಹೊರಗೆ ನಾವು ಬೆವರಿ ನಿಂತಿದ್ದೇವೆ, ಒಳಗಿನಿಂದ ಅಣ್ಣ ಬಂದ. ಎರಡು ಪ್ಯಾಂಟು, ಮೂರು ಅಂಗಿ, ಅದರ ಮೇಲೆ ಕಂದು ಸ್ವೆಟರು, ಅದರ ಮೇಲೆ ಜಾಕೆಟ್ಟು. ಕೈ ಕೆಳಗೆ ಬಿಡಲಾಗದೆ ರೆಕ್ಕೆಯ ಹಾಗೆ ಅಗಲಿಸಿಕೊಂಡೇ ನಡೆದ. ಜೇಬುಗಳಲ್ಲೆಲ್ಲ ಬಾದಾಮಿ, ಪಿಸ್ತಾ. ಅಪ್ಪಿಕೊಂಡರೆ ಕರಕರ ಸದ್ದು. ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ ನೋಡಿ ಕೊನೆಗೆ ಕೇಳಿದ, "ಅಣ್ಣನಿಗೆ ಜ್ವರವಾ?"

ಮನೆಗೆ ಬಂದು ಒಂದೊಂದೇ ಕಳಚಿದ. ಐಸಬಿ, ಅವಳ ಮಕ್ಕಳು, ಅತ್ತ ಇತ್ತಲಿನವರು ಎಲ್ಲ ನೋಡಲು ನಿಂತಿದ್ದರು. ಕೊನೆಯ ಅಂಗಿ ತೆಗೆದಾಗ ಒಳಗಿದ್ದವ ತೀರ ಸಪೂರ. ಎಲ್ಲರೂ ನಕ್ಕದ್ದು ಅಲ್ಲಿಗೇ ನಿಂತಿತು. ಅಮ್ಮ ಅವನ ಬೆನ್ನಿಗೆ ಕೈಯಿಟ್ಟು, "ಇಷ್ಟೇ ಉಂಟಾ ಮಗಾ ನೀನು?" ಅಂದಳು.

ಹೋಗುವಾಗ ಮತ್ತೆ ತೂಕದ ಗಲಾಟೆ. ಹಲಸಿನ ಹಪ್ಪಳ, ಉಪ್ಪಿನಕಾಯಿ, ಕುಚ್ಚಿಲಕ್ಕಿ, ಬೈರಾಸು. ಮಳೆಗಾಲದಲ್ಲಿ ಸ್ವೆಟರು ಹಾಕಿಕೊಂಡು ಹೋಗಲು ಅವನಿಗೂ ನಾಚಿಕೆ. "ಅಲ್ಲಿ ಈಗ ಸೆಕೆ, ಚಳಿಗೆ ಬೇರೆ ತೆಕ್ಕೊಳ್ತೇನೆ, ಇದು ಇಲ್ಲೇ ಇರ್ಲಿ" ಅಂದ. ಹಾಗೆ ಪ್ರತಿ ರಜೆಗೂ ಒಂದೊಂದು ಬಂತು, ಬಂದದ್ದು ಉಳಿಯಿತು. ಬೇರೆ ಗಲ್ಫಿನವರ ಮನೆಯ ಕಪಾಟಿನಲ್ಲಿ ಏನಿರುತ್ತದೋ ನನಗೆ ಗೊತ್ತಿಲ್ಲ, ನಮ್ಮದು ತೆರೆದರೆ ಉಣ್ಣೆ ಮೈಮೇಲೆ ಬೀಳುತ್ತದೆ.

ಇರುವ ವಸ್ತುವಿಗೆ ಉಪಯೋಗ ತಾನಾಗಿ ಹುಡುಕಿಕೊಂಡು ಬರುತ್ತದೆ. ಒಂದು ವರ್ಷ ಶಾಲೆಯ ಮಕ್ಕಳನ್ನು ಊಟಿಗೆ ಕರೆದುಕೊಂಡು ಹೊರಟ ಡ್ರಿಲ್ ಮೇಷ್ಟ್ರು ಬಂದು ಒಂದು ಸ್ವೆಟರು ಕೇಳಿದರು. ಕೊಟ್ಟೆ. ಸುದ್ದಿ ಹಬ್ಬಿತು. ಬದರಿಗೆ ಹೊರಟವರು, ಕಾಶಿಗೆ ಹೊರಟವರು, ಮದುವೆಯಾದ ಹೊಸದರಲ್ಲಿ ಮುನ್ನಾರಿಗೆ ಹೊರಟ ಐಸಬಿಯ ಮಗ, ಎಲ್ಲರೂ ನಮ್ಮಲ್ಲಿಗೇ. ಶಾಲಾ ವಾರ್ಷಿಕೋತ್ಸವದಲ್ಲಿ ಕಂದು ಸ್ವೆಟರು ಕರಡಿಯಾಯಿತು. ಬದರಿಯಿಂದ ಬಂದದ್ದರ ಜೇಬಿನಲ್ಲಿ ಗಂಧದ ಪೊಟ್ಟಣ, ಊಟಿಯಿಂದ ಬಂದದ್ದರಲ್ಲಿ ನೀಲಗಿರಿ ಎಣ್ಣೆಯ ವಾಸನೆ. ಅವು ಸುತ್ತಿದಷ್ಟು ಊರು ನಾನು ಸುತ್ತಿಲ್ಲ. ವಾಪಸು ಬಂದಾಗಲೆಲ್ಲ ಅಮ್ಮ ಕೈಯಿಂದ ಸವರಿ ನೋಡಿ ಮಡಚಿಡುತ್ತಿದ್ದಳು. "ಹಾಕುವವನು ಒಬ್ಬ ಮಾತ್ರ ಇಲ್ಲ" ಅನ್ನುತ್ತಿದ್ದಳು.

ಕಳೆದ ಏಪ್ರಿಲಿನ ಬಿಸು ಹಬ್ಬದ ಹೊತ್ತಿಗೆ ಆ ಹಾಕುವವನೂ ಬಂದ. ಈ ಸಲ ಪೂರ್ತಿಯಾಗಿ ಬಂದದ್ದು. ಕೆಲಸ ಮುಗಿಯಿತು, ಪ್ರಾಯವೂ ಆಯಿತು, ಇನ್ನು ಇಲ್ಲೇ ಎಂದ. ಅಮ್ಮ ಅಂದು ಪಾಯಸ ಮಾಡಿಸಿದಳು. ಎಂಬತ್ತು ದಾಟಿದ ಮೇಲೆ ಅವಳು ಅಷ್ಟು ಚುರುಕಾಗಿ ಓಡಾಡಿದ್ದನ್ನು ನಾನು ನೋಡಿರಲಿಲ್ಲ. ಬಾಗಿಲ ಪಕ್ಕ ಅವಳ ಕುರ್ಚಿ, ಎದುರು ಅಣ್ಣನ ಕುರ್ಚಿ, ತಾನೇ ನಿಂತು ಇಡಿಸಿದಳು. ಮಗ ಮಾತಾಡಲಿಕ್ಕೆ ಶುರು ಮಾಡುವುದೊಂದೇ ಬಾಕಿ.

ಅಣ್ಣ ಮಾತಾಡಲಿಲ್ಲ. ಸಿಟ್ಟಿಲ್ಲ, ಬೇಸರವಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. "ಊಟ ಬಡಿಸಲಾ?" "ಹ್ಞಾಂ." "ಪದಾರ್ಥಕ್ಕೆ ಉಪ್ಪು ಸರಿ ಉಂಟಾ?" "ಉಂಟು." ಅಲ್ಲಿಗೆ ಮುಗಿಯಿತು. ಬೆಳಕು ಹರಿಯುವ ಮೊದಲೇ ಏಳುತ್ತಾನೆ, ಮೀಯುತ್ತಾನೆ, ಪ್ಯಾಂಟು, ತುಂಬುತೋಳಿನ ಅಂಗಿ, ಕಾಲುಚೀಲ ಹಾಕಿ ಜಗಲಿಯ ತುದಿಯಲ್ಲಿ ನೆಟ್ಟಗೆ ಕೂತುಬಿಡುತ್ತಾನೆ. ಮೊದಲ ದಿನ ನಾನು ಗಾಬರಿಯಾಗಿ, "ಎಲ್ಲಿಗೆ ಹೊರಟದ್ದು ಅಣ್ಣ?" ಅಂತ ಕೇಳಿದೆ. "ಎಲ್ಲಿಗೂ ಇಲ್ಲ" ಅಂದ. ಬಿಸಿಲು ಅಂಗಳಕ್ಕಿಳಿದ ಮೇಲೆ ಒಳಗೆ ಹೋಗಿ ಲುಂಗಿ ಉಟ್ಟು ಬಂದ.

ಆ ಲುಂಗಿಯದ್ದೂ ಒಂದು ಕತೆ. ನಡುವಿನಲ್ಲಿ ನಿಲ್ಲುವುದಿಲ್ಲವೆಂದು ಮೇಲಿಂದ ಬೆಲ್ಟು ಕಟ್ಟುತ್ತಾನೆ. ಒಂದು ದಿನ ಐಸಬಿ ತಲೆಬಟ್ಟೆಯ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅಣ್ಣ ಲುಂಗಿ ಎಡಕ್ಕೆ ಕಟ್ಟಿದ್ದಾರಲ್ಲ ಟೀಚರೇ! ನಮ್ಮವರ ಹಾಗೆ!" ನಮ್ಮ ಊರಿನಲ್ಲಿ ಹಿಂದೂಗಳು ಲುಂಗಿಯ ತುದಿಯನ್ನು ಬಲಕ್ಕೆ ಸಿಕ್ಕಿಸುತ್ತಾರೆ, ಮುಸ್ಲಿಮರು ಎಡಕ್ಕೆ. ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ಬಂದದ್ದು. ನಾನಾ ಕಡೆಯವರೊಂದಿಗೆ ಒಂದೇ ರೂಮಿನಲ್ಲಿ ಮೂವತ್ತು ವರ್ಷ ಇದ್ದ ಅಣ್ಣನ ಕೈಗೆ ಯಾವಾಗಲೋ ಎಡದ ಅಭ್ಯಾಸ ಬಂದಿದೆ, ಅವನಿಗೇ ಗೊತ್ತಿಲ್ಲ. ಬಗ್ಗಿ ನೋಡಿಕೊಂಡು, "ಹೌದಾ?" ಅಂದ. ಒಳಗೆ ಹೋಗಿ ಬಲಕ್ಕೆ ಕಟ್ಟಿ ಬಂದ. ಅದು ಸಂಜೆಯೊಳಗೆ ಜಾರಿತು. ಮರುದಿನ ಮತ್ತೆ ಎಡಕ್ಕೇ. ಈಗ ಐಸಬಿಯೂ ಏನೂ ಹೇಳುವುದಿಲ್ಲ.

ತಮಾಷೆ ಬಿಡಿ. ಅಮ್ಮ ಸೊರಗತೊಡಗಿದಳು. ದಿನವಿಡೀ ಆ ಎದುರಿನ ಕುರ್ಚಿಯನ್ನೇ ನೋಡುತ್ತಾಳೆ. ಒಂದು ಸಂಜೆ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು, "ಇವನಿಗೆ ನಮ್ಮಿಂದ ಎಂತಾದ್ರೂ ಬೇಜಾರಾಗಿದೆಯಾ? ಫೋನಲ್ಲಿ ಎಷ್ಟು ಮಾತಾಡ್ತಿದ್ದ ಮಾರಾಯ್ತಿ!"

"ಬೇಜಾರೆಂತ ಇಲ್ಲ ಅಮ್ಮ, ಸ್ವಲ್ಪ ಸಮಯ ಹೋಗ್ಲಿ."

"ನನ್ನ ಹತ್ರ ಸಮಯ ಎಲ್ಲಿ ಉಂಟು?"

ನನ್ನ ಮನಸ್ಸೂ ನೆಟ್ಟಗಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಅಣ್ಣ ಮನೆಗೆ ಬಂದ ಮೇಲೆಯೇ ನನಗೆ ಅಣ್ಣನ ನೆನಪು ಹೆಚ್ಚಾದದ್ದು. ಆ ದೂರದ, ಫೋನಿನ ಗರಗರ ಸದ್ದಿನ ನಡುವೆ ನಗುವ, ಒಂದು ಮಾತಿಗೆ ಹತ್ತು ಮಾತು ಜೋಡಿಸುವ ಅಣ್ಣ ಬೇಕಿತ್ತು. ಪಕ್ಕದ ಕೋಣೆಯಲ್ಲಿ ಕೆಮ್ಮುವ ಈ ಮನುಷ್ಯನಲ್ಲಿ ಅವನನ್ನು ಹುಡುಕಿ ಹುಡುಕಿ ಸಾಕಾಯಿತು. ಅಮ್ಮನೂ ಅವನನ್ನೇ ಹುಡುಕುತ್ತಿದ್ದಳು.

ಹೀಗೆಯೇ ಮಳೆಗಾಲ ಹೋಯಿತು, ದೀಪಾವಳಿ ಹೋಯಿತು, ಗಾಳಿ ಸ್ವಲ್ಪ ತಂಪಾಗಲು ಶುರುವಾಯಿತು. ಹಾಗಿರುವಾಗ ಒಂದು ದಿನ ಊಟವಾದ ಮೇಲೆ ಅಣ್ಣನ ಕೈಗೆ ಹೊಸ ಲುಂಗಿ ಕೊಟ್ಟು, ಪೆರ್ಲದ ಟೈಲರನ ಹತ್ತಿರ ತುದಿ ಹೊಲಿಸಿಕೊಂಡು ಬಾ ಅಂತ ಕಳಿಸಿದೆ. ಮನೆಯಿಂದ ಸ್ವಲ್ಪ ಹೊರಬೀಳಲಿ ಎಂಬುದೇ ನನ್ನ ಉದ್ದೇಶ. ಸಂಜೆಯ ಹೊತ್ತಿಗೆ ನನ್ನ ಮೊಬೈಲಿಗೆ ಅವನ ಕರೆ ಬಂತು. ಬಸ್ಸು ತಪ್ಪಿತು, ಇನ್ನೊಂದಕ್ಕೆ ತುಂಬ ಹೊತ್ತುಂಟು, ಕಾಯಬೇಡಿ ಅಂತ ಹೇಳಲಿಕ್ಕೆ.

"ಯಾರು? ಮಗನಾ? ಕೊಡು ಇಲ್ಲಿ" ಅಂತ ಅಮ್ಮ ಕೈ ಚಾಚಿದಳು. ನಾನು ಸ್ಪೀಕರು ಹಾಕಿ ಕೊಟ್ಟೆ. ಅಮ್ಮನಿಗೆ ಫೋನೆಂದರೆ ಕಡಲಾಚೆಗೆ ಕೂಗಿ ಹೇಳುವ ಸಾಧನ. ಪೂರ್ತಿ ಸ್ವರ ಎತ್ತಿ ಕೇಳಿದಳು, "ಊಟ ಆಯ್ತಾ ಮಗಾ?"

ಮಧ್ಯಾಹ್ನ ಅವಳ ಎದುರೇ ಕೂತು ಉಂಡವನು, "ಆಯ್ತು ಅಮ್ಮ" ಅಂದ.

"ಪದಾರ್ಥ ಎಂತ?"

"ಬಸಳೆ. ಭಾರೀ ಲಾಯ್ಕಾಗಿತ್ತು ಅಮ್ಮ. ಅಲ್ಲಿ ಎಷ್ಟು ಹುಡುಕಿದ್ರೂ ಬಸಳೆ ಸಿಗ್ತಿರ್ಲಿಲ್ಲ."

ಬಸಳೆ ಮಾಡಿದವಳು ನಾನು. ಬಾಗಿಲಲ್ಲಿ ಹಾಗೇ ನಿಂತೆ.

"ಅಲ್ಲಿ ಈಗ ಸೆಕೆಯಾ?" ಅಮ್ಮ ಕೇಳಿದಳು.

"ಇಲ್ಲ ಅಮ್ಮ, ಅಲ್ಲಿ ಈಗ ಬಟ್ಟೆ ಬದಲಾಗುವ ಸಮಯ. ಅರಬಿಗಳ ಕಾಲಿನ ತನಕದ ಅಂಗಿ ಉಂಟಲ್ಲ, ಸೆಕೆಗೆ ಬಿಳಿಯದ್ದು. ನಮ್ಮ ಸೈಟಿನ ಮುದಿ ಯಜಮಾನ ಒಂದು ದಿನ ಬೆಳಿಗ್ಗೆ ಕಂದು ಬಣ್ಣದ ದಪ್ಪದ್ದು ಹಾಕಿಕೊಂಡು ಬರ್ತಾನೆ. ಆ ದಿನದಿಂದ ಚಳಿಗಾಲ ಅಂತ ಲೆಕ್ಕ. ಅಲ್ಲಿ ಮರ ಇಲ್ಲ, ಹೂ ಇಲ್ಲ, ಮನುಷ್ಯರ ಬಟ್ಟೆ ನೋಡಿಯೇ ಕಾಲ ಗೊತ್ತಾಗುವುದು. ನಾವೆಲ್ಲ ಅವತ್ತು ಪೆಟ್ಟಿಗೆಯಿಂದ ಸ್ವೆಟರ್ ತೆಗೀತಿದ್ದೆವು." ಅಣ್ಣನಿಗೆ ಮಾತು ಹತ್ತಿತ್ತು. "ಪೇಶಾವರದವ ಒಬ್ಬ ಇದ್ದ ಅಮ್ಮ, ನಿನ್ನ ಕಷಾಯ ಕುಡಿದವ. ಅವನದ್ದು ಕಂಬಳಿಯಷ್ಟು ದೊಡ್ಡ ಶಾಲು. ಬೆಳಿಗ್ಗೆ ಕತ್ತಲಲ್ಲಿ ಸೈಟಿನ ಬಸ್ಸಿಗೆ ಕಾಯ್ಲಿಕ್ಕೆ ಕೂತಾಗ ಅರ್ಧ ಅವನು ಹೊದೀತಿದ್ದ, ಅರ್ಧ ನನ್ನ ಹೆಗಲಿಗೆ ಹಾಕ್ತಿದ್ದ. ಬಸ್ಸು ಬರುವ ತನಕ ಇಬ್ಬರೂ ಅದರೊಳಗೆ."

"ಈಗ ಅವನೆಲ್ಲಿ?"

"ಗೊತ್ತಿಲ್ಲ ಅಮ್ಮ. ಕ್ಯಾಂಪು ತೆಗೆದ್ರು. ಅವರವರು ಅವರವರ ಊರಿಗೆ ಹೋದ್ರು."

"ನಿಂಗೆ ಅವನ ನೆನಪಾಗ್ತದಾ?"

ಅಣ್ಣ ಹೇಳಿದ, "ಆಗ್ತದೆ ಅಮ್ಮ. ಬೆಳಿಗ್ಗೆ ತುಂಬ ಆಗ್ತದೆ."

"ಮನೆಯಲ್ಲಿ ಹೇಳ್ಬಾರದಿತ್ತಾ ಮಗಾ?"

"ಮುಖ ನೋಡಿಕೊಂಡು ಹೇಳ್ಲಿಕ್ಕೆ ನಂಗೆ ಬರುವುದಿಲ್ಲ ಅಮ್ಮ. ಅಭ್ಯಾಸ ತಪ್ಪಿಹೋಗಿದೆ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಸ್ವರ ಮಾತ್ರ ಹಾಗೇ ಗಟ್ಟಿಯಾಗಿತ್ತು. ಅವನು ಇನ್ನೂ ಏನೇನೋ ಹೇಳಿದ, ಇವಳು ಇನ್ನೂ ಏನೇನೋ ಕೇಳಿದಳು, ನಾನು ಬಾಗಿಲಿಗೊರಗಿ ಕೂತೇಬಿಟ್ಟೆ. ಕೊನೆಗೆ ಮೂವತ್ತು ವರ್ಷ ಪ್ರತಿ ಕರೆಯ ಕೊನೆಯಲ್ಲೂ ಕೇಳುತ್ತಿದ್ದ ಪ್ರಶ್ನೆ ಅವಳ ಬಾಯಿಗೆ ತಾನಾಗಿ ಬಂತು.

"ಯಾವಾಗ ಬರ್ತಿ ಮಗಾ?"

ತಾನು ಕೇಳಿದ್ದು ಏನೆಂದು ಹೊಳೆದು ಅಮ್ಮ ನನ್ನ ಮುಖ ನೋಡಿದಳು. ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು.

"ಬಸ್ಸು ಬಂತು ಅಮ್ಮ," ಅಂದ ಅಣ್ಣ. "ಈಗ ಬರ್ತೇನೆ."

ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು. ಕುರ್ಚಿಯ ಕೈ ಹಿಡಿದು ಎದ್ದು, ಸೆರಗು ಸರಿಮಾಡಿಕೊಂಡು, ಅಂಗಳದ ಮೆಟ್ಟಿಲ ಕಡೆ ಹೊರಟಳು. ಮಗ ಮನೆಗೆ ಬಂದು ಎಂಟು ತಿಂಗಳಾಗಿತ್ತು.

"ಚಾ ಇಡು," ಅಂದಳು. "ಅಣ್ಣ ಬರ್ತಾನಂತೆ."